ಅಘನಾಶಿನಿಯ ಬಳಚಿಗೊಂದು ಕಾನೂನು ಬರೆಯಿರಿ: ಮೀನುಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮೀನುಗಾರಿಕೆ ಸಚಿವರಿಗೆ,
ಪ್ರತಿ: ಮೀನುಗಾರಿಕೆ ಇಲಾಖೆಯ ನಿರ್ದೇಶಕರು, ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ

ವಿಷಯ: ಅಳಿವೆಗಳ ಬಳಚು ಮತ್ತು ಇತರ ಚಿಪ್ಪುಮೀನುಗಳ ಸಂಗ್ರಹಕ್ಕೆ ಪ್ರತ್ಯೇಕ ನಿಯಮಗಳನ್ನು ರೂಪಿಸುವ ಬಗ್ಗೆ

ಮಾನ್ಯರೇ,

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಇಳಿತಕ್ಕೆ ಮರಳು ದಿಬ್ಬಗಳು ಮೇಲೆದ್ದ ಹೊತ್ತಿಗೆ ಬಳಚು (ಮರಳಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ) ಹೆಕ್ಕಲು ಇಳಿಯುವವರ ಕೈಯಲ್ಲಿರುವುದು ಒಂದು ಬುಟ್ಟಿ, ಒಂದು ಹಳೇ ಕತ್ತಿ. ಹೆಚ್ಚೆಂದರೆ ಆಚೆ ದಡದಿಂದ ದಾಟಿ ಬರಲು ಒಂದು ಪಾತಿ ದೋಣಿ. ಇವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮ ಮೀನುಗಾರಿಕೆ ಕಾನೂನಿನ ಕಣ್ಣಿಗೆ ಇವರು ಬೀಳುವುದೇ ಇಲ್ಲ, ಏಕೆಂದರೆ ಆ ಕಾನೂನು ಶುರುವಾಗುವುದೇ ದೋಣಿಯಿಂದ. 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯ ಬಲವೆಲ್ಲ ದೋಣಿಯ ನೋಂದಣಿ, ದೋಣಿಯ ಪರವಾನಗಿ, ದೋಣಿಯ ಜಪ್ತಿಯಲ್ಲಿದೆ. ಬಳಚಿಗೆ ದೋಣಿ ಬೇಡ. ಅದು ಇರುವ ಕಡೆ ಇರುತ್ತದೆ, ಮನುಷ್ಯರೇ ಅಲ್ಲಿಗೆ ನಡೆದುಹೋಗುತ್ತಾರೆ. ಆದ್ದರಿಂದ ಅದನ್ನು ಕಾಯುವ ನಿಯಮವನ್ನು ಎರಡು ಜಾಗಗಳನ್ನು ಹಿಡಿದು ಬರೆಯಬೇಕು: ಬಳಚು ಬೆಳೆಯುವ ದಿಬ್ಬ, ಮತ್ತು ಅದು ಚೀಲಕ್ಕೆ ಬಿದ್ದು ಮಾರಾಟವಾಗುವ ದಡ. ಈ ಪತ್ರದಲ್ಲಿ ನಾವು ಕೇಳುತ್ತಿರುವುದು ಇಷ್ಟನ್ನೇ. ಅದನ್ನು ಹೇಗೆ ಬರೆದರೆ ನಡೆಯುತ್ತದೆ, ಹೇಗೆ ಬರೆದರೆ ಕೆಡುತ್ತದೆ ಎಂಬುದನ್ನು ವಿವರವಾಗಿ ತಮ್ಮ ಮುಂದಿಡುತ್ತೇವೆ.

ಇದು ಸಣ್ಣ ಕಸುಬಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಕೊಟ್ಟ ವರದಿಯ ಪ್ರಕಾರ ಈ ಒಂದೇ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ತಿನ್ನುವ ಚಿಪ್ಪುಮೀನು ಸಿಗುತ್ತಿತ್ತು. ದಡದ ಇಪ್ಪತ್ತರಷ್ಟು ಊರುಗಳ 2,300ಕ್ಕೂ ಹೆಚ್ಚು ಜನ ನೇರವಾಗಿ ಅದರಿಂದಲೇ ದುಡಿಯುತ್ತಿದ್ದರು. ಎಲ್ಲೂ ಅಣೆಕಟ್ಟು ಕಟ್ಟದೆ ಉಳಿದ ನದಿ ಇದು. ಮಳೆಗಾಲದ ಸಿಹಿನೀರು, ಬೇಸಿಗೆಯ ಉಪ್ಪುನೀರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಎಲೆಗೊಬ್ಬರ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಬಸಿ ನೀರು ಎಲ್ಲವೂ ತಮ್ಮ ತಮ್ಮ ಕಾಲಕ್ಕೆ ಬಂದು ಸೇರುವುದರಿಂದ ಇಲ್ಲಿ ಬಳಚು ಇಷ್ಟು ಹುಲುಸಾಗಿ ಬೆಳೆದಿದೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅಂದರೆ ನಿರ್ವಹಣಾ ಯೋಜನೆಯೊಂದನ್ನು ಬರೆಯಬೇಕಾದ ಹೊಣೆ ಈಗ ಸರ್ಕಾರದ ಮೇಲಿದೆ. ಬಳಚಿನ ನಿಯಮವನ್ನು ಅದರೊಳಗೆ ಸೇರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು.

ಮೊದಲು ಕಾನೂನಿನ ಸ್ಥಿತಿ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಮೀನುಗಾರಿಕೆ 21ನೇ ನಮೂದು. ಪ್ರಾದೇಶಿಕ ಸಮುದ್ರದಾಚೆಯ ಮೀನುಗಾರಿಕೆಯಷ್ಟೇ ಕೇಂದ್ರದ್ದು. ಹಾಗಾಗಿ ಅಳಿವೆಯ ವಿಷಯದಲ್ಲಿ ದೆಹಲಿಯ ಕಡೆ ನೋಡಬೇಕಾಗಿಲ್ಲ, ಅಧಿಕಾರ ತಮ್ಮ ಕೈಯಲ್ಲೇ ಇದೆ. ಆದರೆ ರಾಜ್ಯದ 1986ರ ಕಾಯ್ದೆ ಕಡಲಿಗೆ, 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಒಳನಾಡಿನ ನೀರಿಗೆ. ಅಳಿವೆ ಇವೆರಡರ ಗಡಿಯಲ್ಲಿ ಕೂತಿದೆ. ಅದೇ ದಿಬ್ಬದ ಮರಳು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಡತದಲ್ಲಿ ಖನಿಜ. ಕಟ್ಟಡದ ಸುಣ್ಣಕ್ಕಾಗಿ ಗೂಡಿನಲ್ಲಿ ಸುಡುವ ಹಳೇ ಚಿಪ್ಪು ಉಪಖನಿಜ. ಕಾಂಡ್ಲಾ ಮತ್ತು ಕೆಸರು ಬಯಲು ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆಯ ವ್ಯಾಪ್ತಿಯಲ್ಲಿ ಬರುತ್ತವೆ. ರಾಮ್ಸರ್ ಜೌಗು ಪ್ರದೇಶಕ್ಕೆ 2017ರ ನಿಯಮಗಳಿವೆ. ಇಷ್ಟು ಮೇಜುಗಳ ಮೇಲೆ ಒಂದೇ ದಿಬ್ಬದ ಕಡತ ಓಡಾಡುತ್ತದೆ. ಆ ದಿಬ್ಬದೊಳಗೆ ಜೀವಂತ ಬಳಚು ಎಷ್ಟಿದೆ ಎಂದು ಕೇಳುವ ಕೆಲಸ ಮಾತ್ರ ಯಾವ ಮೇಜಿಗೂ ಕಡ್ಡಾಯವಾಗಿಲ್ಲ.

ಯಾವ ಜಾತಿಯನ್ನು, ಯಾವ ಅವಧಿಯಲ್ಲಿ, ಯಾವ ಸಾಧನದಿಂದ ಹಿಡಿಯಬಾರದು ಎಂದು ಆದೇಶ ಹೊರಡಿಸುವ ಅಧಿಕಾರ 1986ರ ಕಾಯ್ದೆಯಲ್ಲೇ ಇದೆ. ಆದ್ದರಿಂದ ಇಡೀ ಹೊಸ ಕಾಯ್ದೆಗಾಗಿ ವರ್ಷಗಟ್ಟಲೆ ಕಾಯುವುದು ಬೇಡ. ಎರಡು ಸಣ್ಣ ತಿದ್ದುಪಡಿ ಸಾಕು: ಕಾಯ್ದೆಯ ‘ಮೀನು’ ಎಂಬ ಪದದಲ್ಲಿ ಎರಡು ಚಿಪ್ಪಿನ ಜೀವಿಗಳೆಲ್ಲವೂ (ಬಳಚು, ಕಲ್ಲಿಗೆ ಅಂಟುವ ಚಿಪ್ಪು, ಪಚ್ಚಿಲೆ) ಮತ್ತು ಅವುಗಳ ಮರಿಗಳೂ ಸೇರಿವೆ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಬರೆಯುವುದು, ಉಪ್ಪುನೀರು ಏರುವಷ್ಟು ದೂರದವರೆಗಿನ ನದಿಭಾಗವನ್ನು ‘ಅಳಿವೆ’ ಎಂದು ಗುರುತಿಸಿ ಈ ಕಾಯ್ದೆಯ ವ್ಯಾಪ್ತಿಗೆ ತರುವುದು. ಉಳಿದದ್ದನ್ನು ನಿಯಮಗಳಲ್ಲಿ, ಪ್ರತಿ ಅಳಿವೆಗೆ ಬೇರೆ ಬೇರೆ ಅನುಸೂಚಿಯಲ್ಲಿ ಬರೆಯಬಹುದು. ಕಾಳಿಯ ಅಳಿವೆಗೂ ಶರಾವತಿಯದಕ್ಕೂ ಮುಲ್ಕಿಯದಕ್ಕೂ ಒಂದೇ ಅನುಸೂಚಿ ಹೊಂದುವುದಿಲ್ಲ. ಶರಾವತಿಯಲ್ಲಿ ಜಲವಿದ್ಯುತ್ ಯೋಜನೆಗಳಿಂದ ವರ್ಷವಿಡೀ ಸಿಹಿನೀರು ಇಳಿಯುತ್ತದೆ. ಅಘನಾಶಿನಿಯಲ್ಲಿ ಬೇಸಿಗೆಗೆ ಉಪ್ಪು ತಾನಾಗಿ ಏರುತ್ತದೆ. ಒಂದೊಂದು ಕಡೆ ಬಳಚಿನ ಹಂಗಾಮು ಒಂದೊಂದು ಥರ.

ಹಂಗಾಮಿನ ವಿಷಯದಲ್ಲೇ ದೊಡ್ಡ ತಪ್ಪಾಗುವ ಭಯವಿದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿದೆ. ಚಿಪ್ಪುಮೀನಿಗೂ ಅದೇ ತಾರೀಕನ್ನು ಅಂಟಿಸಿಬಿಡುವುದು ಕಚೇರಿಗೆ ಸುಲಭ, ಬಳಚಿಗೆ ನಿಷ್ಪ್ರಯೋಜಕ. ಆ ಎರಡು ತಿಂಗಳು ನೆರೆ ನೀರಿನಲ್ಲಿ ದಿಬ್ಬಗಳು ಮುಳುಗಿರುತ್ತವೆ, ನೀರಿನಲ್ಲಿ ಉಪ್ಪು ಇರುವುದಿಲ್ಲ, ಹೆಕ್ಕುವವರು ಇಳಿಯುವುದೂ ಕಡಿಮೆ. ಬಳಚಿಗೆ ಅಪಾಯದ ಕಾಲ ಬೇರೆ. ಗಂಡು ಹೆಣ್ಣು ಎರಡೂ ಬೀಜವನ್ನು ನೀರಿಗೇ ಬಿಡುತ್ತವೆ. ಮರಿ ಒಂದರಿಂದ ಎರಡು ವಾರ ನೀರಿನಲ್ಲಿ ತೇಲಿ, ಆಮೇಲೆ ತಕ್ಕ ಮರಳು ಸಿಕ್ಕಲ್ಲಿ ಇಳಿದು ಕೂರುತ್ತದೆ. ಆ ವಾರಗಳಲ್ಲಿ ದಿಬ್ಬವನ್ನು ಅಗೆದು ಕೆದಕಿದರೆ, ಅಥವಾ ಮೇಲೆ ಹೂಳು ಕೂತರೆ, ಕಾಳಿನ ಗಾತ್ರದ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಸತ್ತದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ಮುಂದಿನ ಹಂಗಾಮಿನಲ್ಲಿ ಬುಟ್ಟಿ ಅರ್ಧಕ್ಕೆ ನಿಂತಾಗಲಷ್ಟೇ ಗೊತ್ತಾಗುವುದು.

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಸರೋವರದ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ, ನಾವೂ ಕೊಡುತ್ತೇವೆ. ಹೊರದೇಶಗಳ ಬೇಡಿಕೆಯಿಂದ ಅಲ್ಲಿ 1980ರ ದಶಕದಲ್ಲಿ ಬಳಚು ಹಿಡಿಯುವುದು ಜೋರಾಯಿತು. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಹತ್ತು ಸಾವಿರ ಟನ್ ಮುಟ್ಟಿದ್ದ ಇಳುವರಿ 1993ರ ಹೊತ್ತಿಗೆ ಅರ್ಧಕ್ಕೆ ಕುಸಿಯಿತು. ಆಗ ಹಿಡಿಯುವವರು, ಇಲಾಖೆ ಮತ್ತು ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೂತು ಮಾಡಿದ ಏರ್ಪಾಡು ಹೀಗಿದೆ: ಮೊಟ್ಟೆ ಬಿಡುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿಡಿಯುವಂತಿಲ್ಲ, ಬಲೆಯ ಕಣ್ಣು 30 ಮಿ.ಮೀ.ಗಿಂತ ಸಣ್ಣದಿರಬಾರದು, ರಫ್ತಿಗೆ ಹೋಗುವ ಮಾಂಸದಲ್ಲಿ ಕಿಲೊಗೆ 1,400ಕ್ಕಿಂತ ಹೆಚ್ಚು ಬಳಚು ಎಣಿಕೆಗೆ ಸಿಗಬಾರದು (ಹೆಚ್ಚು ಸಿಕ್ಕರೆ ಅವು ಸಣ್ಣವೆಂದೇ ಅರ್ಥ). 2014ರಲ್ಲಿ ಸಂಪತ್ತು ಉಳಿಸಿಕೊಂಡು ಹಿಡಿಯುವ ಮೀನುಗಾರಿಕೆಗೆ ಕೊಡುವ ಅಂತರರಾಷ್ಟ್ರೀಯ ಎಂಎಸ್‌ಸಿ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆ ಅದಾಯಿತು. ಆ ಏರ್ಪಾಡಿನ ಜೀವಾಳ ಎಲ್ಲರೂ ಒಂದೇ ಮೇಜಿಗೆ ಕೂತದ್ದು. ಅದನ್ನು ನಾವು ತರಬೇಕು. ಅಂಕಿಗಳನ್ನು ಹಾಗೆಯೇ ನಕಲು ಮಾಡಬಾರದು. ಅಲ್ಲಿಯದು ಮುಖ್ಯವಾಗಿ ಒಂದೇ ಜಾತಿಯ, ರಫ್ತಿನ ವ್ಯಾಪಾರ. ಅಘನಾಶಿನಿಯಲ್ಲಿ ಬಾಯಿಯ ಹತ್ತಿರ ಒಂದು ಜಾತಿ, ನಡುವಿನ ದಿಬ್ಬಗಳಲ್ಲಿ ದಪ್ಪ ಚಿಪ್ಪಿನ ಇನ್ನೊಂದು, ಮೇಲೆ ಸಿಹಿನೀರಿನ ಕಡೆ ಕಪ್ಪು ಚಿಪ್ಪಿನದು. ಮಾರಾಟವೂ ಬಹುಪಾಲು ಚಿಪ್ಪಿನ ಸಮೇತ, ಜೀವಂತವಾಗಿ. ಮಾಂಸದ ಎಣಿಕೆಯ ಮಿತಿಯನ್ನು ಇಲ್ಲಿ ಯಾವ ಕಟ್ಟೆಯ ಮೇಲೆ ಅಳೆಯುವುದು?

ನಿಷೇಧದ ತಿಂಗಳನ್ನು ಇಲ್ಲಿಯ ಬಳಚನ್ನೇ ಕೇಳಿ ಗೊತ್ತುಮಾಡಬೇಕು. ಕೆಲಸ ಕಷ್ಟದ್ದಲ್ಲ. ಪ್ರತಿ ಜಾತಿಯ 50 ಬಳಚನ್ನು ಪ್ರತಿ ಅಮಾವಾಸ್ಯೆಯ ಇಳಿತಕ್ಕೆ ಒಂದೇ ದಿಬ್ಬದಿಂದ ತೆಗೆದು ಬಿಡಿಸಿ ನೋಡುವುದು. ಒಳಗಿನ ಗರ್ಭಭಾಗ ಕೆನೆಯ ಹಾಗೆ ತುಂಬಿ ಉಬ್ಬಿದ್ದರೆ ಬೀಜ ಪಕ್ವವಾಗಿದೆ. ಜೋತುಬಿದ್ದು ನೀರುನೀರಾಗಿದ್ದರೆ ಬಿಟ್ಟಾಗಿದೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಇಟ್ಟರೆ ಖಚಿತವಾಗುತ್ತದೆ. ಹನ್ನೆರಡು ತಿಂಗಳು ಹೀಗೆ ಮಾಡಿದರೆ ಯಾವ ಎರಡು ಮೂರು ತಿಂಗಳು ಮುಚ್ಚಬೇಕು ಎಂಬುದು ಕೈಗೆ ಸಿಗುತ್ತದೆ. ಜಾತಿಗಳ ಕಾಲ ಬೇರೆ ಬೇರೆಯಾದರೆ ಅಳಿವೆ ಪೂರ್ತಿ ಮುಚ್ಚುವ ಬದಲು ಆಯಾ ದಿಬ್ಬಗಳನ್ನಷ್ಟೇ ಮುಚ್ಚಬಹುದು. ಇದನ್ನು ಹೆಕ್ಕುವವರ ಎದುರಿಗೇ ಮಾಡಬೇಕೆಂದು ನಮ್ಮ ವಿನಂತಿ. ಕೆನೆ ತುಂಬಿದ ಬಳಚನ್ನು ಕಣ್ಣಾರೆ ಕಂಡವರಿಗೆ ನಿಷೇಧ ಯಾಕೆಂದು ಬೋರ್ಡು ಬರೆದು ಹೇಳಬೇಕಾಗುವುದಿಲ್ಲ.

ಈಗ ಗಾತ್ರದ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಏಕೆಂದರೆ ನಿಯಮಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ‘20 ಮಿ.ಮೀ.ಗಿಂತ ಸಣ್ಣ ಬಳಚು ಹಿಡಿಯಬಾರದು’ ಎಂದು ಒಂದು ಸಾಲು ಬರೆದರೆ ಯಾವ 20 ಎಂಬ ಪ್ರಶ್ನೆ ಹುಟ್ಟುತ್ತದೆ. ಬಳಚನ್ನು ಕೈಯಲ್ಲಿ ಹಿಡಿದು ನೋಡಿ. ಎರಡು ಚಿಪ್ಪು ಸೇರುವ ಕೀಲಿನಿಂದ ಎದುರಿನ ಅಂಚಿನವರೆಗಿನದು ಎತ್ತರ. ಅದಕ್ಕೆ ಅಡ್ಡಲಾಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವುದು ಉದ್ದ. ಎರಡು ಚಿಪ್ಪಿನ ಹೊಟ್ಟೆಗಳ ನಡುವಿನದು ದಪ್ಪ. ನೀಳ ಆಕಾರದ ಜಾತಿಯಲ್ಲಿ ಉದ್ದ 20 ಮಿ.ಮೀ. ಇದ್ದರೆ ಎತ್ತರ ಸುಮಾರು 15, ದಪ್ಪ 10ರ ಆಸುಪಾಸು. ಮುಕ್ಕೋನ ಆಕಾರದ ದಪ್ಪ ಚಿಪ್ಪಿನ ಜಾತಿಯಲ್ಲಿ ಎತ್ತರ ಇನ್ನೂ ಹೆಚ್ಚು. ಜರಡಿಯ ಚೌಕ ಕಣ್ಣಿನಿಂದ ಬಳಚು ಜಾರಿಹೋಗುವುದು ತನ್ನ ಎತ್ತರ ಮತ್ತು ದಪ್ಪದ ಲೆಕ್ಕದಲ್ಲಿ, ಉದ್ದದ ಲೆಕ್ಕದಲ್ಲಲ್ಲ. ಹಾಗಾಗಿ ‘ಕನಿಷ್ಠ ಗಾತ್ರ 20, ಜರಡಿ ಕಣ್ಣೂ 20’ ಎಂದು ಬರೆದರೆ 26–27 ಮಿ.ಮೀ. ಉದ್ದದ ಬಳಚೂ ಕೆಳಗೆ ಬೀಳುತ್ತದೆ. ಕಾನೂನಿನ ಪ್ರಕಾರವೇ ತನ್ನದಾದ ಬಳಚು ಕೈತಪ್ಪುತ್ತಿದೆ ಎಂದು ಕಂಡ ಮೇಲೆ ಯಾರೂ ಆ ಜರಡಿಯನ್ನು ಎರಡನೇ ದಿನ ಮುಟ್ಟುವುದಿಲ್ಲ.

ಬಲೆಯ ಕಣ್ಣಿನದೂ ಇದೇ ಗೋಜಲು. ಮೀನುಗಾರಿಕೆಯಲ್ಲಿ ಕಣ್ಣನ್ನು ಎಳೆದು ಹಿಡಿದು ಒಂದು ಗಂಟಿನಿಂದ ಎದುರಿನ ಗಂಟಿಗೆ ಅಳೆಯುವ ರೂಢಿ. 30 ಮಿ.ಮೀ. ಎಂದರೆ ಚೌಕದ ಒಂದು ಬದಿ 15 ಮಾತ್ರ. ಮೇಲಿನ ಲೆಕ್ಕಕ್ಕೆ ಅದು ಸರಿಹೊಂದುತ್ತದೆ: ಬದಿ 15 ಇದ್ದರೆ ನೀಳ ಬಳಚು 20ರಿಂದ 23 ಮಿ.ಮೀ. ಉದ್ದಕ್ಕೆ ನಿಲ್ಲಲು ಶುರುವಾಗುತ್ತದೆ. ನೆಟ್ಟಗೆ ಬಿದ್ದರೆ ಒಂದು, ಓರೆಯಾಗಿ ಬಿದ್ದರೆ ಇನ್ನೊಂದು. ಆದರೆ ಕಬ್ಬಿಣದ ಹಲ್ಲಿನ ಕುಂಟೆ ಬಳಸುವಲ್ಲಿ ಬಳಚು ಸಂದಿನಿಂದ ಜಾರುವುದು ಬರೀ ದಪ್ಪದ ಲೆಕ್ಕದಲ್ಲಿ. ಅಲ್ಲಿ ಹಲ್ಲುಗಳ ಸಂದು 10 ಮಿ.ಮೀ. ಇದ್ದರೆ ಸಾಕು. 15 ಇಟ್ಟರೆ ದೊಡ್ಡದೂ ಉಳಿಯುವುದಿಲ್ಲ. ನಿಯಮದಲ್ಲಿ ಉದ್ದವನ್ನು ಮಾತ್ರ ಕಾನೂನಿನ ಅಳತೆಯಾಗಿ ಇಡಿ. ಜರಡಿ, ಬಲೆ, ಕುಂಟೆಗಳ ಅಳತೆಯನ್ನು ಜಾತಿವಾರು ಪರೀಕ್ಷೆ ಮಾಡಿ ಅನುಸೂಚಿಯಲ್ಲಿ ಬರೆಯಿರಿ. ಪರೀಕ್ಷೆ ಎಂದರೆ ಒಂದು ಜಾತಿಯ 200 ಬಳಚನ್ನು ಕ್ಯಾಲಿಪರ್‌ನಿಂದ ಅಳೆದು, ಅದೇ 200ನ್ನು ಜರಡಿಗೆ ಹಾಕಿ ಅಲ್ಲಾಡಿಸಿ, ಉಳಿದದ್ದು ಯಾವುದು, ಬಿದ್ದದ್ದು ಯಾವುದು ಎಂದು ನೋಡುವುದು. ಒಂದು ಬೆಳಗಿನ ಕೆಲಸ.

ದಡದಲ್ಲಿ ಪರಿಶೀಲನೆಗೆ ಕ್ಯಾಲಿಪರ್ ಬೇಡ. ನಿಗದಿತ ಉದ್ದಕ್ಕೆ ಕತ್ತರಿಸಿದ ತಗಡಿನ ಅಳತೆಪಟ್ಟಿ ಪ್ರತಿ ಮನೆಗೂ ಒಂದೊಂದು ಕೊಟ್ಟರೆ, ಬಳಚು ಆ ಸಂದಿನಲ್ಲಿ ಉದ್ದುದ್ದಕ್ಕೆ ಕೂತರೆ ಸಣ್ಣದು, ಕೂರದಿದ್ದರೆ ಸರಿ ಎಂದು ಓದು ಬಾರದವರಿಗೂ ತಿಳಿಯುತ್ತದೆ.

ಯಾರನ್ನು ಪರಿಶೀಲಿಸಬೇಕು? ನಾವು ಬಹಳ ಯೋಚಿಸಿ ಹೇಳುತ್ತಿರುವುದು: ಹೆಕ್ಕುವವರ ಬುಟ್ಟಿಯನ್ನಲ್ಲ, ಖರೀದಿದಾರರ ಚೀಲವನ್ನು. ಹರಡಿದ ದಿಬ್ಬಗಳ ಮೇಲೆ ಸಾವಿರಾರು ಜನರ ಬುಟ್ಟಿ ನೋಡಲು ಇಲಾಖೆಗೆ ಸಿಬ್ಬಂದಿ ಸಾಲದು, ಸಿಕ್ಕರೂ ಅದು ಕಿರುಕುಳಕ್ಕೆ ತಿರುಗುತ್ತದೆ. ಆದರೆ ಆ ಬುಟ್ಟಿಗಳೆಲ್ಲ ಕೊನೆಗೆ ಬಂದು ಸೇರುವುದು ಬೆರಳೆಣಿಕೆಯ ದಕ್ಕೆಗಳಲ್ಲಿ, ಗೋವಾ ಕಡೆ, ಮಂಗಳೂರು ಕಡೆ ಹೋಗುವ ಗಾಡಿಗಳಿಗೆ. ಸಣ್ಣ ಬಳಚಿಗೆ ಬೆಲೆ ಕೊಡುವವರು ಇರುವವರೆಗೆ ಸಣ್ಣ ಬಳಚು ಬರುತ್ತಲೇ ಇರುತ್ತದೆ. ಆದ್ದರಿಂದ ಪರವಾನಗಿ ಸಗಟು ಖರೀದಿದಾರರಿಗಿರಲಿ. ಹೆಕ್ಕುವವರಿಗೆ ಶುಲ್ಕವಿಲ್ಲದ ನೋಂದಣಿ ಸಾಕು. ಪ್ರತಿ ಖರೀದಿಗೂ ಒಂದು ಚೀಟಿ: ತಾರೀಕು, ದಿಬ್ಬದ ಸಂಖ್ಯೆ, ಜಾತಿ, ತೂಕ, ಖರೀದಿದಾರರ ಪರವಾನಗಿ ಸಂಖ್ಯೆ. ಈ ಐದು ನಮೂದು ಒಂದು ವರ್ಷ ಸರಿಯಾಗಿ ಸೇರಿದರೆ 2008ರ ವರದಿಯ ನಂತರ ನಮ್ಮ ಬಳಿ ಇಲ್ಲದ ಲೆಕ್ಕ ತಾನಾಗಿ ಸಿಗುತ್ತದೆ. ಮನೆ ಪದಾರ್ಥಕ್ಕೆ ಹೆಕ್ಕುವವರಿಗೆ ದಿನಕ್ಕೆ 3 ಕಿಲೊವರೆಗೆ ನೋಂದಣಿಯೂ ಬೇಡ, ಗಾತ್ರದ ನಿಯಮವೊಂದಿದ್ದರೆ ಸಾಕು.

ಪರಿಶೀಲನೆಯ ಕ್ರಮವನ್ನೂ ನಿಯಮದಲ್ಲೇ ಬರೆಯಬೇಕು. ಹತ್ತು ಚೀಲಕ್ಕೆ ಎರಡು ಚೀಲದಂತೆ ಬಿಚ್ಚಿ, ಒಂದೊಂದರಲ್ಲೂ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದು ಒಟ್ಟು 100 ಬಳಚು ಎಣಿಸಬೇಕು. ಮೇಲಿನದನ್ನಷ್ಟೇ ನೋಡಿದರೆ ದೊಡ್ಡ ಬಳಚೇ ಕಾಣುತ್ತದೆ, ಸಣ್ಣದು ತಳ ಸೇರಿರುತ್ತದೆ. ನೂರರಲ್ಲಿ ಹತ್ತರವರೆಗೆ ಸಣ್ಣದಿದ್ದರೆ ಬಿಡಬಹುದು, ಕೈಯಿಂದ ಆರಿಸುವ ಕೆಲಸದಲ್ಲಿ ಅಷ್ಟು ತಪ್ಪುವುದು ಸಹಜ. ಅದಕ್ಕಿಂತ ಹೆಚ್ಚಿದ್ದರೆ ಇಡೀ ಸರಕನ್ನು ಅಲ್ಲೇ ಜರಡಿ ಹಿಡಿಸಿ, ಸಣ್ಣದನ್ನು ವಾಪಸು ದಿಬ್ಬಕ್ಕೆ ಕಳಿಸಬೇಕು. ವಶಪಡಿಸಿಕೊಂಡ ಮೀನನ್ನು ಹರಾಜು ಹಾಕುವ ರೂಢಿಯನ್ನು ಇಲ್ಲಿಗೆ ತರಬೇಡಿ. ಬಳಚು ಹಿಡಿದ ಮೇಲೂ ಬದುಕಿರುತ್ತದೆ. ಹರಾಜಾದರೆ ಮರಿ ಬಳಚು ಮತ್ತೆ ಸಾರಿನ ಪಾತ್ರೆಯನ್ನೇ ಸೇರುತ್ತದೆ, ದಂಡ ಹಾಕಿದ ಉದ್ದೇಶವೇ ಸತ್ತುಹೋಗುತ್ತದೆ. ವಾಪಸು ಬಿಡುವುದಕ್ಕೂ ರೀತಿಯಿದೆ. ರಾಶಿ ಸುರಿದರೆ ಅಡಿಯಲ್ಲಿದ್ದವು ಸಾಯುತ್ತವೆ. ನೀರು ಏರಲು ಶುರುವಾದ ಹೊತ್ತಿಗೆ, ಮೊಣಕಾಲು ನೀರಿನಲ್ಲಿ, ಬೀಜ ಬಿತ್ತುವ ಹಾಗೆ ಎರಚಿಕೊಂಡು ಹೋಗಬೇಕು, ಅದೂ ಹೆಕ್ಕಿದ ದಿನವೇ. ಮಧ್ಯಾಹ್ನದ ಬಿಸಿಲಿನಲ್ಲಿ ಗೋಣಿಯಲ್ಲಿ ಕೂತ ಮರಿ ಬಾಯಿ ಬಿಟ್ಟಿತೆಂದರೆ ಮತ್ತೆ ನೀರಿಗೆ ಹಾಕಿ ಫಲವಿಲ್ಲ.

ಹೆಕ್ಕುವವರು ಎಷ್ಟೇ ಶಿಸ್ತಿನಿಂದ ಇದ್ದರೂ ದಿಬ್ಬವೇ ಹೋದರೆ ಎಲ್ಲವೂ ಹೋಯಿತು. ಸಿಆರ್‌ಝಡ್ ವ್ಯಾಪ್ತಿಯಲ್ಲಿ ಮರಳು ಗಣಿಗಾರಿಕೆ ಇಲ್ಲ, ಆದರೆ ದೋಣಿ ಸಂಚಾರಕ್ಕೆ ತೊಡಕಾಗುವ ಮರಳು ದಿಬ್ಬಗಳನ್ನು ಸಾಂಪ್ರದಾಯಿಕ ಸಮುದಾಯದವರು ಕೈಯಿಂದ ತೆರವು ಮಾಡಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಳು ಸದಸ್ಯರ ಸಮಿತಿಯ ಶಿಫಾರಸಿನ ಮೇಲೆ ಅನುಮತಿ ಕೊಡುವ ಪದ್ಧತಿ ಕರಾವಳಿಯ ಜಿಲ್ಲೆಗಳಲ್ಲಿ ಬೆಳೆದುಬಂದಿದೆ. ತೆರವಿಗೆ ಗುರುತು ಹಾಕುವ ದಿಬ್ಬವೂ ಬಳಚಿನ ದಿಬ್ಬವೂ ಒಂದೇ ಆಗಿರಬಹುದು, ಏಕೆಂದರೆ ಇಬ್ಬರಿಗೂ ಬೇಕಾದದ್ದು ಹೂಳಿಲ್ಲದ, ನೀರಾಡುವ ಮರಳೇ. ಮರಳು ತೆಗೆದ ಗುಂಡಿಯಲ್ಲಿ ಮುಂದೆ ಕೂರುವುದು ಕೆಸರು. ಕೆಸರಿನಲ್ಲಿ ಮರಿ ನೆಲೆಯಾಗುವುದಿಲ್ಲ. ಅಂದರೆ ನಷ್ಟ ಆ ವರ್ಷದ ಬಳಚಿನದಷ್ಟೇ ಅಲ್ಲ, ಬಳಚು ಹುಟ್ಟುವ ಜಾಗದ್ದೇ. ಆದ್ದರಿಂದ ನಿಯಮದಲ್ಲಿ ಒಂದು ವಾಕ್ಯ ಬೇಕು: ಯಾವುದೇ ಮರಳು ದಿಬ್ಬದ ತೆರವಿಗೆ ಅನುಮತಿ ಕೊಡುವ ಮುನ್ನ ಅಲ್ಲಿ ಜೀವಂತ ಚಿಪ್ಪುಮೀನು ಚದರ ಮೀಟರಿಗೆ ಎಷ್ಟಿದೆ ಎಂಬ ಮೀನುಗಾರಿಕೆ ಇಲಾಖೆಯ ಲಿಖಿತ ವರದಿ ಕಡ್ಡಾಯ, ಅಧಿಸೂಚಿತ ಬಳಚಿನ ದಿಬ್ಬ ಮತ್ತು ಅದರ ಸುತ್ತ 100 ಮೀಟರ್ ಒಳಗೆ ಅನುಮತಿ ಇಲ್ಲ.

ಎಣಿಸುವ ಕ್ರಮ ಸರಳ. ಅರ್ಧ ಮೀಟರ್ ಬದಿಯ ಚೌಕಟ್ಟು ಇಟ್ಟು, ಒಂದು ಗೇಣು ಆಳಕ್ಕೆ ಮರಳು ತೆಗೆದು, 5 ಮಿ.ಮೀ. ಕಣ್ಣಿನ ಜರಡಿಯಲ್ಲಿ ತೊಳೆದು, ಸಿಕ್ಕ ಬಳಚನ್ನೆಲ್ಲ ಜಾತಿ ಮತ್ತು ಗಾತ್ರದ ಪ್ರಕಾರ ಎಣಿಸಿ ನಾಲ್ಕರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಒಂದು ದಿಬ್ಬಕ್ಕೆ ಇಪ್ಪತ್ತು ಕಡೆ ಹೀಗೆ ಮಾಡಬೇಕು. ಸ್ಥಳಗಳನ್ನು ಮೊದಲೇ ನಕ್ಷೆಯ ಮೇಲೆ ಗೆರೆ ಹಾಕಿ ಗೊತ್ತುಮಾಡಿರಬೇಕು, ಬಳಚು ಕಂಡಲ್ಲಿ ಅಥವಾ ಕಾಣದಲ್ಲಿ ಚೌಕಟ್ಟು ಇಡುವಂತಿರಬಾರದು. ಮಳೆ ಮುಗಿದ ಮೇಲೆ ಒಮ್ಮೆ, ಬೇಸಿಗೆಯ ನಡುವೆ ಒಮ್ಮೆ. ಎಣಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮರಿಗಳೇ ಸಿಕ್ಕರೆ ಆ ದಿಬ್ಬವನ್ನು ಮುಂದಿನ ಎಣಿಕೆಯವರೆಗೆ ಮುಚ್ಚಬೇಕು. ಮುಚ್ಚಿದ ದಿಬ್ಬದ ನಾಲ್ಕೂ ಮೂಲೆಗೆ ಬಿದಿರು ಕಂಬ, ಕೆಂಪು ಬಟ್ಟೆ ಕಟ್ಟಿದರೆ ಎಲ್ಲರಿಗೂ ತಿಳಿಯುತ್ತದೆ. ಗೆಜೆಟ್‌ನಲ್ಲಿ ಬರೆದ ಅಕ್ಷಾಂಶ ರೇಖಾಂಶ ನೀರಿನಲ್ಲಿ ನಿಂತವರಿಗೆ ಕಾಣುವುದಿಲ್ಲ.

ಹಳೇ ಚಿಪ್ಪಿನ ಗಣಿಗಾರಿಕೆಯನ್ನೂ ಇದೇ ಅಧ್ಯಾಯಕ್ಕೆ ಸೇರಿಸಬೇಕು. ಅಳಿವೆಯ ತಳದಲ್ಲಿ ನೂರಾರು ವರ್ಷಗಳಿಂದ ಸೇರಿದ ಚಿಪ್ಪಿನ ಪದರವನ್ನು ಯಂತ್ರದಿಂದ ಎತ್ತುವಾಗ ಅದರ ಮೇಲೆ ಬದುಕಿರುವ ಬಳಚೂ ಬರುತ್ತದೆ, ಎದ್ದ ಹೂಳು ಸುತ್ತಲಿನ ದಿಬ್ಬಗಳ ಮೇಲೆ ಕೂರುತ್ತದೆ. ಅಳಿವೆಯಲ್ಲಿ ಯಂತ್ರ ಹಚ್ಚಿ ಚಿಪ್ಪು ಎತ್ತುವುದನ್ನು ಮೀನುಗಾರಿಕೆ ನಿಯಮದಲ್ಲೇ ನಿಷೇಧಿಸಿ. ಸುಣ್ಣದ ಗೂಡುಗಳಿಗೆ ಬಳಚು ಬೇಯಿಸಿ ಬಿಸಾಡಿದ ಚಿಪ್ಪು ಸಾಕಷ್ಟಿದೆ. ಅದನ್ನು ದಕ್ಕೆಯಲ್ಲಿ ಒಟ್ಟುಮಾಡಿ ಮಾರುವ ಹಕ್ಕನ್ನು ಹೆಕ್ಕುವವರ ಸಂಘಗಳಿಗೆ ಕೊಟ್ಟರೆ ಅವರಿಗೂ ನಾಲ್ಕು ಕಾಸು.

ತಿನ್ನುವವರ ಆರೋಗ್ಯದ ಬಗ್ಗೆ ನಮ್ಮ ಕಾನೂನು ಪೂರ್ತಿ ಮೌನವಾಗಿದೆ ಎನ್ನಲಾಗದು. ಆಹಾರ ಸುರಕ್ಷತೆಯ ಮಾನದಂಡದಲ್ಲಿ ಪಾರ್ಶ್ವವಾಯು ತರುವ ಚಿಪ್ಪುವಿಷಕ್ಕೆ 100 ಗ್ರಾಂ ಮಾಂಸಕ್ಕೆ 80 ಮೈಕ್ರೊಗ್ರಾಂ ಮಿತಿಯಿದೆ. ಆದರೆ ಅಳಿವೆಯ ದಡದಲ್ಲಿ ಅದನ್ನು ನೋಡುವವರಿಲ್ಲ. ನೀರಿನ ಕೆಲವು ಸೂಕ್ಷ್ಮ ಪಾಚಿಗಳು ಹೆಚ್ಚಿದಾಗ ಬಳಚು ಅವನ್ನು ಸೋಸಿ ತಿಂದು ವಿಷವನ್ನು ಮೈಯಲ್ಲಿ ಸೇರಿಸಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ರುಚಿ ವಾಸನೆಯಲ್ಲೂ ಗೊತ್ತಾಗುವುದಿಲ್ಲ. 1983ರಲ್ಲಿ ಮಂಗಳೂರಿನ ಸುತ್ತ ಕುಂಬಳೆ ಕಡೆಯ ಬಳಚು ತಿಂದು ಜನ ಆಸ್ಪತ್ರೆ ಸೇರಿದ್ದು, ಒಂದು ಜೀವ ಹೋದದ್ದು ದಾಖಲಾಗಿದೆ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ ತಿಂದು ಏಳು ಮಂದಿ ತೀರಿಕೊಂಡರು. ಅಂಥದ್ದೊಂದು ಇಲ್ಲಿ ನಡೆದ ಮರುದಿನ ಅಳಿವೆಯ ಬಳಚನ್ನು ಯಾರೂ ಕೊಳ್ಳುವುದಿಲ್ಲ, ಆಗ ಸಾವಿರಾರು ಮನೆಗಳ ಒಲೆ ಒಟ್ಟಿಗೆ ಆರುತ್ತದೆ. ಹಂಗಾಮಿನಲ್ಲಿ ಹದಿನೈದು ದಿನಕ್ಕೊಮ್ಮೆ ಮೂರು ಕಡೆಯ ನೀರು ಮತ್ತು ಬಳಚಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದು, ಮಿತಿ ಮೀರಿದರೆ ಆ ಸಂಜೆಯೇ ಸಂಗ್ರಹ ನಿಲ್ಲಿಸುವ ಅಧಿಕಾರವನ್ನು ತಾಲ್ಲೂಕಿನ ಮೀನುಗಾರಿಕೆ ಅಧಿಕಾರಿಗೆ ಕೊಡುವುದು, ಇವೆರಡು ಬೇಕೇ ಬೇಕು.

ಕೊಳಚೆಯದು ಬೇರೆ ಲೆಕ್ಕ. ಐರೋಪ್ಯ ಒಕ್ಕೂಟದಲ್ಲಿ ಚಿಪ್ಪುಮೀನು ಬೆಳೆಯುವ ನೀರನ್ನು ಮಾಂಸದಲ್ಲಿರುವ ಇ-ಕೋಲಿ ಬ್ಯಾಕ್ಟೀರಿಯಾದ ಎಣಿಕೆಯಿಂದ ವರ್ಗ ಮಾಡುತ್ತಾರೆ. 100 ಗ್ರಾಂಗೆ 230ರ ಒಳಗಿದ್ದರೆ ನೇರ ಮಾರಾಟ, 4,600ರವರೆಗೆ ಶುದ್ಧೀಕರಿಸಿ ಮಾರಾಟ. ಅದೇ ಅಂಕಿ ನಮಗೂ ಬೇಕೆಂದಿಲ್ಲ, ಆದರೆ ದಿಬ್ಬಗಳಿಗೆ ಹೀಗೊಂದು ವರ್ಗ ಕೊಡದೆ ಕಾಲುವೆ ಬಾಯಿಯ ಬಳಚನ್ನೂ ಒಳ್ಳೆಯ ನೀರಿನ ಬಳಚನ್ನೂ ಒಂದೇ ಗೋಣಿಗೆ ತುಂಬುವುದು ಮುಂದುವರಿಯಬಾರದು.

ಸಂಗ್ರಹ ನಿಲ್ಲಿಸುವ ತಿಂಗಳಲ್ಲಿ ಹೆಕ್ಕುವವರು ಏನು ತಿನ್ನಬೇಕು? ಮೀನುಗಾರರ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಫಲಾನುಭವಿಯ 1,500 ರೂಪಾಯಿಗೆ ಸರ್ಕಾರಗಳ 3,000 ಸೇರಿ 4,500 ರೂಪಾಯಿ ಮೂರು ತಿಂಗಳಲ್ಲಿ ಸಿಗುತ್ತದೆ. ದೊಡ್ಡ ಮೊತ್ತವಲ್ಲ, ಆದರೂ ಅದನ್ನು ಪಡೆಯಲು ಸಹಕಾರ ಸಂಘದ ಪುಸ್ತಕದಲ್ಲಿ ‘ಮೀನುಗಾರ’ ಎಂದು ಹೆಸರಿರಬೇಕು. ದೋಣಿಯಿಲ್ಲದೆ ಬಳಚು ಹೆಕ್ಕುವ ಹೆಂಗಸಿನ ಹೆಸರು ಆ ಪುಸ್ತಕ ಸೇರುವುದು ಕಷ್ಟ. ಹೊಸ ನಿಯಮದ ನೋಂದಣಿಯನ್ನೇ ಈ ಯೋಜನೆಗೆ ಸಾಕ್ಷಿಯಾಗಿ ಒಪ್ಪಿಕೊಳ್ಳಬೇಕು. ನೋಂದಣಿ ಮನೆಯ ಯಜಮಾನನ ಹೆಸರಿನಲ್ಲಲ್ಲ, ಹೆಕ್ಕುವವರ ಹೆಸರಿನಲ್ಲಿ ಆಗಬೇಕು. ಪರಿಹಾರದ ವ್ಯವಸ್ಥೆ ಮೊದಲಾಗದೆ ನಿಷೇಧದ ಆದೇಶ ಹೊರಡಿಸಬೇಡಿ ಎಂಬುದು ನಮ್ಮ ಕಳಕಳಿಯ ಮಾತು. ಹಸಿದವರ ಮೇಲೆ ಹೇರಿದ ನಿಷೇಧ ರಾತ್ರಿಯ ಇಳಿತಕ್ಕೆ ಮುರಿಯುತ್ತದೆ, ಆಗ ಲೆಕ್ಕವೂ ತಪ್ಪುತ್ತದೆ, ಗಾತ್ರವೂ ತಪ್ಪುತ್ತದೆ.

ಇದನ್ನೆಲ್ಲ ನಡೆಸಲು ಅಳಿವೆಗೊಂದು ಸಮಿತಿ ಬೇಕು. ಅದರಲ್ಲಿ ಕನಿಷ್ಠ ಅರ್ಧದಷ್ಟು ಹೆಕ್ಕುವವರು, ಅವರಲ್ಲಿ ಅರ್ಧ ಹೆಂಗಸರು ಇರಲಿ. ಉಳಿದಂತೆ ಖರೀದಿದಾರರು, ಮೀನುಗಾರಿಕೆ, ಅರಣ್ಯ ಮತ್ತು ಗಣಿ ಇಲಾಖೆಗಳು, ಗ್ರಾಮ ಪಂಚಾಯಿತಿಗಳು, ಒಬ್ಬರಾದರೂ ಚಿಪ್ಪುಮೀನಿನ ವಿಜ್ಞಾನಿ. ದಿಬ್ಬ ತೆರೆಯುವ ಮುಚ್ಚುವ ತೀರ್ಮಾನ ಈ ಸಮಿತಿಯದು, ಆದೇಶ ಜಿಲ್ಲಾಧಿಕಾರಿಗಳದು. ಸಭೆ ಮಧ್ಯಾಹ್ನದ ಕಚೇರಿ ಹೊತ್ತಿಗೆ ಕರೆಯಬೇಡಿ. ಇಳಿತದ ಹೊತ್ತು ಪಂಚಾಂಗದಲ್ಲಿ ನೋಡಿ, ನೀರು ತುಂಬಿರುವಾಗ ಕರೆಯಿರಿ, ಆಗ ಎಲ್ಲರೂ ಬರುತ್ತಾರೆ.

ಕೆಲಸದ ಅನುಕ್ರಮ ಹೀಗಿದ್ದರೆ ಒಳ್ಳೆಯದು: ಮೊದಲ ಮೂರು ತಿಂಗಳಲ್ಲಿ ನೋಂದಣಿ, ದಿಬ್ಬಗಳ ನಕ್ಷೆ ಮತ್ತು ಸಂಖ್ಯೆ. ಅದರ ಜೊತೆಗೇ ಮರಳು ತೆರವಿನ ಅನುಮತಿಗೆ ಎಣಿಕೆ ವರದಿ ಕಡ್ಡಾಯ ಮಾಡುವ ಸುತ್ತೋಲೆ, ಇದಕ್ಕೆ ತಿದ್ದುಪಡಿಗಾಗಿ ಕಾಯಬೇಕಿಲ್ಲ. ಹನ್ನೆರಡು ತಿಂಗಳ ಗರ್ಭಪರೀಕ್ಷೆ, ಎರಡು ಎಣಿಕೆ, ಜರಡಿಯ ಪರೀಕ್ಷೆ ಆದ ಮೇಲೆ ಗಾತ್ರ ಮತ್ತು ಹಂಗಾಮಿನ ಅನುಸೂಚಿ. ಕರಡನ್ನು ಕನ್ನಡದಲ್ಲಿ ಮುದ್ರಿಸಿ, ತದಡಿ, ಅಘನಾಶಿನಿ, ಮಿರ್ಜಾನ್, ಹೆಗಡೆ, ಮಾಸೂರು, ಕಾಗಾಲ ಹೀಗೆ ದಡದ ಎಲ್ಲ ಊರುಗಳ ಪಂಚಾಯಿತಿ ಕಟ್ಟೆಯಲ್ಲಿ ಓದಿಸಿ, 60 ದಿನ ಆಕ್ಷೇಪಣೆಗೆ ಬಿಡಿ. ಮೊದಲ ಎರಡು ವರ್ಷ ಹೆಕ್ಕುವವರಿಗೆ ದಂಡವಿಲ್ಲದೆ ಸಣ್ಣ ಬಳಚು ವಾಪಸು ಬಿಡಿಸುವುದಷ್ಟೇ ಇರಲಿ. ಖರೀದಿದಾರರಿಗೆ ಮಾತ್ರ ಎರಡನೇ ತಪ್ಪಿಗೆ ಪರವಾನಗಿ ಅಮಾನತು ಮೊದಲ ದಿನದಿಂದಲೇ ಜಾರಿಯಾಗಲಿ.

ದಿಬ್ಬಗಳ ನಕ್ಷೆಗೆ ಬೇಕಾದ ಸ್ಥಳೀಯ ಹೆಸರುಗಳು, ಯಾವ ದಿಬ್ಬದಲ್ಲಿ ಯಾವ ಜಾತಿ, ಯಾವ ವರ್ಷ ಯಾವುದು ಹೂಳು ಬಿತ್ತು ಎಂಬ ಮಾಹಿತಿ ದಡದ ಊರುಗಳವರ ಬಳಿ ಇದೆ. ಇಲಾಖೆಯ ಸಿಬ್ಬಂದಿ ಮಳೆ ಬಿಟ್ಟ ಮೇಲಿನ ಮೊದಲ ಅಮಾವಾಸ್ಯೆಯ ಇಳಿತಕ್ಕೆ ಚೌಕಟ್ಟು ಮತ್ತು ಜರಡಿ ತಂದರೆ, ದಿಬ್ಬ ತೋರಿಸಲು ನಾವು ಜೊತೆಗೆ ಇಳಿಯುತ್ತೇವೆ.

ತಮ್ಮ ವಿಶ್ವಾಸಿಗಳು,
ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕುವ, ಕೊಳ್ಳುವ ಮತ್ತು ಅಧ್ಯಯನ ಮಾಡುವವರು
ಕುಮಟಾ